ಇಪ್ಪತ್ತನಾಲ್ಕು ತಾಸು ಐವತ್ತು ನಿಮಿಷ

ವನಮಾಲಾ ಕಾಂಡ್ಲಕುರ್ವೆಯ ಶಾಲೆಗೆ ಬಂದ ಮೊದಲ ದಿನ ಹಾಜರಿ ಪುಸ್ತಕದಲ್ಲಿ ನಲವತ್ತಾರು ಹೆಸರುಗಳಿದ್ದವು, ಚಾಪೆಯ ಮೇಲೆ ಒಂಬತ್ತು ಮಕ್ಕಳಿದ್ದರು. ಉಳಿದವರೆಲ್ಲ ಎಲ್ಲಿ ಎಂದು ಕೇಳಿದಳು. ಮುಂದೆ ಕೂತಿದ್ದ ಗಣಪಿ ಎಂಬ ಹುಡುಗಿ ಕಿಟಕಿಯ ಹೊರಗೆ ಬೆರಳು ತೋರಿಸಿದಳು. ಅಘನಾಶಿನಿ ಹೊಳೆ ಸಮುದ್ರ ಸೇರುವಲ್ಲಿ ನೀರು ಇಳಿದು, ಕಣ್ಣು ಹಾಯುವಷ್ಟು ದೂರ ಕೆಸರು ಬಿದ್ದಿತ್ತು. ಕೆಸರಿನ ತುಂಬ ಬಗ್ಗಿದ ಬೆನ್ನುಗಳು. ಹೆಂಗಸರು, ಮುದುಕಿಯರು, ಲಂಗ ಎತ್ತಿಕಟ್ಟಿದ ಹುಡುಗಿಯರು, ಚಡ್ಡಿಯ ಹುಡುಗರು ಎಲ್ಲರೂ ಬಳಚು ಆರಿಸುತ್ತಿದ್ದರು. ಚಿಪ್ಪಿನೊಳಗೆ ಉಗುರಿನಷ್ಟು ಮಾಂಸವಿರುವ ಆ ಬಳಚೇ ಕುರ್ವೆಯವರ ಅನ್ನ, ಅವರ ಬಟ್ಟೆ, ಅವರ ದೀಪದ ಎಣ್ಣೆ.

ಕುರ್ವೆಯೆಂದರೆ ಹೊಳೆಯ ನಡುವಿನ ನಡುಗಡ್ಡೆ. ಸುತ್ತ ನೀರು, ನೀರಂಚಿಗೆ ಉಪ್ಪುನೀರಲ್ಲೇ ಬೇರು ಬಿಡುವ ಕಾಂಡ್ಲಾ ಗಿಡಗಳ ಬೇಲಿ, ಒಳಗೆ ಐವತ್ತು ಅರವತ್ತು ಮನೆ, ಒಂದು ಹಂಚಿನ ಶಾಲೆ. ಅರವತ್ತಮೂರನೇ ಇಸವಿಯ ದಸರೆ ರಜೆ ಮುಗಿದ ಮೇಲೆ ಹೊನ್ನಾವರದ ಕಡೆಯ ಈ ಇಪ್ಪತ್ತಾರರ ಹೆಣ್ಣುಮಗಳನ್ನು ಅಲ್ಲಿಗೆ ಹಾಕಿದ್ದು ಯಾರೂ ಹೋಗಲು ಒಪ್ಪದ ಕಾರಣಕ್ಕೆ. ಹಿಂದಿದ್ದ ಮಾಸ್ತರರು ದಿನವೂ ಹತ್ತೂವರೆಗೆ ಸರಿಯಾಗಿ ಗಂಟೆ ಬಾರಿಸಿ, ಬಂದ ಎಂಟು ಹತ್ತು ಮಕ್ಕಳಿಗೆ ಮಗ್ಗಿ ಹೇಳಲು ಹಚ್ಚಿ, ಹಳೆಯ ಪೇಪರು ಓದಿ, ಐದಕ್ಕೆ ಬೀಗ ಹಾಕಿ ಹೋಗುತ್ತಿದ್ದರಂತೆ. ಹೋಗುವಾಗ ಪುಸ್ತಕದಲ್ಲಿ ಒಂದು ಷರಾ ಬರೆದಿಟ್ಟಿದ್ದರು: 'ಇಲ್ಲಿಯ ಜನಕ್ಕೆ ವಿದ್ಯೆ ಬೇಕಾಗಿಲ್ಲ.' ಅದರ ಕೆಳಗೆ ಮೇಲಿನ ಆಫೀಸಿನ ಕಾಗದ ಪಿನ್ನು ಚುಚ್ಚಿಕೊಂಡು ಕೂತಿತ್ತು. ಜನವರಿಯ ತಪಾಸಣೆಯ ಹೊತ್ತಿಗೆ ಹಾಜರಿ ಇಪ್ಪತ್ತೈದು ದಾಟದಿದ್ದರೆ ಶಾಲೆ ಮುಚ್ಚತಕ್ಕದ್ದು, ಮಕ್ಕಳನ್ನು ತದಡಿ ದಡದ ಶಾಲೆಗೆ ಸೇರಿಸತಕ್ಕದ್ದು.

ಸೇರಿಸತಕ್ಕದ್ದು ಎಂದು ಬರೆಯುವ ಕೈಗೇನು ನೋವು? ಮಳೆಗಾಲದ ಹೊಳೆ ದಾಟಿಸಿ ಹೆಣ್ಣುಮಕ್ಕಳನ್ನು ಯಾವ ತಾಯಿ ಕಳಿಸುತ್ತಾಳೆ? ಶಾಲೆ ಮುಚ್ಚಿದರೆ ಈ ಒಂಬತ್ತೂ ಕೆಸರಿಗೇ ಹೋಗುತ್ತವೆ ಎಂಬುದು ವನಮಾಲಾಳಿಗೆ ಆ ದಿನವೇ ಹೊಳೆಯಿತು. 'ಇದನ್ನು ಮುಚ್ಚಲು ನಾನು ಬಿಡುವುದಿಲ್ಲ' ಎಂದು ಆಗಲೇ ಗಟ್ಟಿ ಮಾಡಿಕೊಂಡಳು. ಅವಳ ಮನೆಯಲ್ಲಿ ಅವಳ ಹಟದ ಬಗ್ಗೆ ಹತ್ತು ಕತೆಗಳಿದ್ದವು. ಅವುಗಳಲ್ಲಿ ಒಂಬತ್ತು ನಿಜ.

ಮೊದಲ ಹದಿನೈದು ದಿನ ಅವಳೂ ಎಲ್ಲರೂ ಮಾಡುವುದನ್ನೇ ಮಾಡಿದಳು. ಮನೆಮನೆಗೆ ಹೋದಳು, ಬುದ್ಧಿ ಹೇಳಿದಳು. ಹೆಂಗಸರು ಮಣೆ ಹಾಕಿ ಕೂರಿಸಿದರು, ಹೂಂ ಎಂದರು, ಮಾರನೆಯ ದಿನ ಮಕ್ಕಳನ್ನು ಕರೆದುಕೊಂಡು ಕೆಸರಿಗೆ ಇಳಿದರು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

ದಾರಿ ಕಂಡದ್ದು ಬೇರೆ ಕಡೆಯಿಂದ. ಒಂದು ದಿನ ನಾಲ್ಕನೆಯ ಇಯತ್ತೆಗೆ ಗ್ರಹಗಳ ಪಾಠವಿತ್ತು. ವನಮಾಲಾ ಹಲಗೆಯ ಮೇಲೆ ಸಾಲಾಗಿ ಬರೆದು ವಿವರಿಸಿದಳು. ಭೂಮಿ ತನ್ನ ಸುತ್ತ ತಿರುಗಲು ಇಪ್ಪತ್ತನಾಲ್ಕು ತಾಸು ಬೇಕು, ಅದು ನಮ್ಮ ದಿನ. ಸೂರ್ಯನ ಸುತ್ತ ಹೋಗಿಬರಲು ಮುನ್ನೂರ ಅರವತ್ತೈದು ದಿನ ಬೇಕು, ಅದು ನಮ್ಮ ವರ್ಷ. ಗುರು ಗ್ರಹ ನಮ್ಮ ಭೂಮಿಗಿಂತ ಎಷ್ಟೋ ಪಾಲು ದೊಡ್ಡದು, ಆದರೂ ಹತ್ತೇ ತಾಸಿನಲ್ಲಿ ಗಿರ್ರನೆ ತಿರುಗಿಬಿಡುತ್ತದೆ. ಅದರ ವರ್ಷಕ್ಕೆ ಮಾತ್ರ ನಮ್ಮ ಹನ್ನೆರಡು ವರ್ಷ ಬೇಕು. ಶನಿಯ ಒಂದು ವರ್ಷ ಕಳೆಯುವುದರೊಳಗೆ ನಮಗೆ ಇಪ್ಪತ್ತೊಂಬತ್ತೂವರೆ ವರ್ಷ ಕಳೆಯುತ್ತದೆ. ಮಂಗಳನ ದಿನ ಹೆಚ್ಚುಕಡಿಮೆ ನಮ್ಮದರಷ್ಟೇ, ಇಪ್ಪತ್ತನಾಲ್ಕು ತಾಸು ಮೂವತ್ತೇಳು ನಿಮಿಷ. ಶುಕ್ರನ ಮೇಲೆ ಸದಾ ಮೋಡ, ಅದರ ದಿನ ಎಷ್ಟೆಂದು ಇನ್ನೂ ಗೊತ್ತಾಗಿಲ್ಲ ಎಂದು ಪುಸ್ತಕದಲ್ಲಿತ್ತು.

"ಗೊತ್ತಾಗೂ ತನಕ ಅಲ್ಲಿ ಹಾಜರಿ ಹೆಂಗೆ ಹಾಕ್ತ್ರು ಅಕ್ಕೋರೆ?" ಎಂದು ಗಣಪಿ ಕೇಳಿದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಅವಳ ತಲೆಯಲ್ಲಿ ಬೇರೇನೋ ಓಡುತ್ತಿತ್ತು.

"ನಮ್ಮ ಕುರ್ವೆ ದಿನಾನೂ ಇಪ್ಪತ್ನಾಲ್ಕು ತಾಸು ಅಲ್ಲ ಅಕ್ಕೋರೆ" ಎಂದಳು.

"ಅದ್ಹೆಂಗೆ?"

"ನಿನ್ನೆ ನೀವು ಗಂಟೆ ಹೊಡ್ದಾಗ ಅವ್ವಿ ಬಳಚಿಗೆ ಹೋದ್ಲು. ಇವತ್ತು ಮಗ್ಗಿ ಎಲ್ಲ ಮುಗ್ದ ಮೇಲೆ ಹೋದ್ಲು. ನಾಳೆ ಇನ್ನೂ ತಡ. ನೀರು ದಿನಾ ತಡ ಮಾಡ್ತದೆ. ನಮ್ಮ ದಿನ ಉದ್ದ."

ವನಮಾಲಾ ಸೀಮೆಸುಣ್ಣ ಹಿಡಿದು ಹಾಗೇ ನಿಂತುಬಿಟ್ಟಳು. ಹತ್ತು ವರ್ಷದ ಹುಡುಗಿಗೆ ಕಂಡದ್ದು ಹದಿನಾರು ವರ್ಷ ಗಂಟೆ ಬಾರಿಸಿದ ಮಾಸ್ತರರಿಗೆ ಕಂಡಿರಲಿಲ್ಲ. ತನಗೂ ಕಂಡಿರಲಿಲ್ಲ. ಈ ಜನಕ್ಕೆ ವಿದ್ಯೆ ಬೇಡವೆಂದಲ್ಲ, ಇವರ ದಿನವೇ ಬೇರೆ. ನೀರು ಚಂದ್ರನ ಹಿಂದೆ ಹೋಗುತ್ತದೆ, ಶಾಲೆ ಸೂರ್ಯನ ಹಿಂದೆ ಹೋಗುತ್ತದೆ, ನಡುವೆ ಮಕ್ಕಳು ಅತ್ತಲೂ ಇಲ್ಲ ಇತ್ತಲೂ ಇಲ್ಲ.

ಅವಳು ಉಳಿದುಕೊಂಡಿದ್ದು ಕುರ್ವೆಯ ಎತ್ತರದ ತುದಿಯಲ್ಲಿ, ನರ್ಮದಕ್ಕ ಎಂಬ ತೆಂಗಿನ ತೋಟದ ಯಜಮಾನತಿಯ ಮನೆಯಲ್ಲಿ. ಅಂದು ಸಂಜೆ ಹೋದವಳೇ ಪಂಚಾಂಗ ಕೇಳಿದಳು.

"ಪಂಚಾಂಗ ಮಾಡಿನ ಸಂದಿಲಿ ಇದ್ದು, ತಗ" ಎಂದಳು ನರ್ಮದಕ್ಕ. "ಎಂತಕ್ಕೆ? ಮದುವೆ ಗೊತ್ತಾತನೇ ಕೂಸೆ?"

"ಶಾಲೆಗೆ ಮುಹೂರ್ತ ನೋಡಕ್ಕು" ಎಂದು ವನಮಾಲಾ ನಕ್ಕಳು.

ಅಮಾವಾಸ್ಯೆ ಹುಣ್ಣಿಮೆಗೆ ಸಂಜೆ ಆರರ ಸುಮಾರಿಗೆ ನೀರು ಪೂರ್ತಿ ಇಳಿಯುತ್ತದೆ, ಅಷ್ಟಮಿಗೆ ಹನ್ನೆರಡೂವರೆಯ ಸುಮಾರಿಗೆ ಎಂದು ದೋಣಿಯ ಬೀರಪ್ಪ ಹೇಳಿದ್ದ. ಅದರ ಮೇಲೆ ಲೆಕ್ಕ ಹಾಕಿ, ಒಂದೊಂದು ತಿಥಿಗೆ ಒಂದೊಂದು ವೇಳೆ ಕೊಟ್ಟು, ತಿಂಗಳ ಪಟ್ಟಿ ಬರೆದಳು. ಮಧ್ಯಾಹ್ನ ಇಳಿತವಿದ್ದ ದಿನ ಶಾಲೆ ಬೆಳಿಗ್ಗೆ ಏಳರಿಂದ ಒಂಬತ್ತೂಕಾಲು, ಮತ್ತೆ ನೀರು ಏರಿದ ಮೇಲೆ ಎರಡೂಮುಕ್ಕಾಲು ತಾಸು. ಸಂಜೆ ಇಳಿತವಿದ್ದರೆ ಬೆಳಿಗ್ಗೆ ಒಂದೇ ಉಸಿರಿಗೆ. ಹೇಗೆ ಮಡಚಿದರೂ ದಿನಕ್ಕೆ ಐದು ತಾಸು ಪಾಠ. ಪಟ್ಟಿಯ ಪ್ರತಿ ಮಾಡಿ, ಅನುಮತಿ ಕೊಡಬೇಕೆಂದು ಮೇಲಿನ ಆಫೀಸಿಗೆ ಅಂಚೆಯಲ್ಲಿ ಹಾಕಿದಳು. ಉತ್ತರ ಬರುವವರೆಗೆ ಕಾಯಬೇಕಿತ್ತು. ಕಾಯಲಿಲ್ಲ. ಹೇಗೂ ಉತ್ತರ ಬರಲೂ ಇಲ್ಲ.

ಒಂದೇ ವಾರಕ್ಕೆ ಒಂಬತ್ತು ಇದ್ದದ್ದು ಮೂವತ್ತೆಂಟಾಯಿತು. ಮಕ್ಕಳು ಒದ್ದೆ ತಲೆ, ಕೆಸರಿನ ವಾಸನೆ ಹೊತ್ತು ಓಡೋಡಿ ಬಂದರು. ವನಮಾಲಾ ಸಂತೋಷದಿಂದ ಎರಡು ದಿನ ಸರಿಯಾಗಿ ಉಣ್ಣಲೂ ಇಲ್ಲ.

ಅಷ್ಟರಲ್ಲಿ ಅವಳದೇ ತಪ್ಪು ಅವಳನ್ನು ಹಿಡಿಯಿತು. ದಿನಾ ಬೆಳಗಾದರೆ ಪಂಚಾಂಗ ಓದುವ ಮನೆಯಲ್ಲಿ ಹುಟ್ಟಿದವಳು ಮಾತ್ರ ಮಾಡಬಹುದಾದ ತಪ್ಪು ಅದು. ಪಕ್ಷಕ್ಕೆ ಹದಿನೈದು ತಿಥಿ, ಹದಿನೈದು ದಿನ ಎಂದು ಅವಳು ಹಿಡಿದಿದ್ದಳು. ಪಕ್ಷದಲ್ಲಿ ಒಮ್ಮೊಮ್ಮೆ ಒಂದು ತಿಥಿ ಲೋಪವಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಅವಳ ಮಟ್ಟಿಗೆ ಅದು ಏಕಾದಶಿ ಉಪವಾಸ ಯಾವತ್ತು ಎಂದು ದೊಡ್ಡವರು ಜಗಳಾಡುವ ವಿಷಯ, ಅಷ್ಟೆ. ನೀರಿಗೂ ಅದಕ್ಕೂ ಸಂಬಂಧವಿದೆಯೆಂದು ಹೊಳೆದಿರಲಿಲ್ಲ. ಆ ಪಕ್ಷದಲ್ಲಿ ಒಂದು ತಿಥಿ ಲೋಪವಾಗಿತ್ತು. ಅವಳ ಪಟ್ಟಿ ಒಂದು ದಿನ ಹಿಂದೆ ಬಿತ್ತು, ನೀರಿನ ಇಳಿತ ಪಟ್ಟಿಗಿಂತ ಮುಕ್ಕಾಲು ತಾಸಿಗೂ ಹೆಚ್ಚು ತಡವಾಯಿತು.

ಅಂದು ಪಟ್ಟಿಯ ಪ್ರಕಾರ ಹನ್ನೆರಡೂ ನಲವತ್ತಕ್ಕೆ ಗಂಟೆ ಬಾರಿಸಿದಳು. ಕೆಸರಿಗೆ ನೀರು ಇನ್ನೂ ಏರಿ ಬಂದಿರಲಿಲ್ಲ, ಬಳಚು ಕೈತುಂಬ ಸಿಗುವ ಹೊತ್ತು. ಗಂಟೆ ಕೇಳಿದ್ದೇ ಮೂವತ್ತೆಂಟು ಮಕ್ಕಳು ಬುಟ್ಟಿ ಬಿಟ್ಟು ಓಡಿದರು. ತಾಯಂದಿರು ಕೂಗಿದರು, ಕೇಳುವವರಿಲ್ಲ.

ಅರ್ಧ ತಾಸಿನಲ್ಲಿ ಶಾಲೆಯ ಬಾಗಿಲಿಗೆ ಮಾಸ್ತಮ್ಮ ಬಂದಳು. ಗಣಪಿಯ ತಾಯಿ, ಬಳಚಿನ ಹೆಂಗಸರಲ್ಲಿ ಎಲ್ಲರೂ ಮಾತು ಕೇಳುವವಳು. ಸೊಂಟದವರೆಗೆ ಕೆಸರು, ಕಂಕುಳಲ್ಲಿ ಅರ್ಧ ತುಂಬಿದ ಬುಟ್ಟಿ. ಬುಟ್ಟಿಯನ್ನು ಹೊಸ್ತಿಲ ಮೇಲೆ ಕುಕ್ಕಿದಳು.

"ನೋಡಿ ಅಕ್ಕೋರೆ. ಇಷ್ಟೇ ಇವತ್ತು. ನಿಮ್ಮ ಪಂಚಾಂಗ ಮದ್ವೆಗೆ ಆಗ್ತದೆ, ತಿಥಿ ಊಟಕ್ಕೆ ಆಗ್ತದೆ. ನೀರಿಗೆ ಆಗೂದಿಲ್ಲ. ನಿಮ್ಗೆ ನೀರು ಗೊತ್ತಿಲ್ಲ, ನಮ್ಮ ಮಕ್ಕಳ ತಲೆ ಎಂತಕ್ಕೆ ಕೆಡಸ್ತ್ರಿ?"

ಮಾರನೆಯ ದಿನ ಗಂಟೆ ಬಾರಿಸಿದರೆ ಇಬ್ಬರು ಬಂದರು. ಅದರ ಮಾರನೆಯ ದಿನ ಯಾರೂ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ. ವನಮಾಲಾ ಖಾಲಿ ಕೋಣೆಯಲ್ಲಿ ಕೂತು ಒಂದು ಗಳಿಗೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಪಟ್ಟಿಯನ್ನು ಹರಿದು, ಶಾಲೆಗೆ ಬೀಗ ಹಾಕಿ, ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ ಕೆಸರಿಗೆ ಇಳಿದಳು.

ಎರಡು ಹೆಜ್ಜೆಗೇ ಕಾಲು ಹೂತಿತು. ಚಿಪ್ಪು ಅಂಗಾಲು ಕೊಯ್ದಿತು. ಹೆಂಗಸರು ಬೆನ್ನು ನೆಟ್ಟಗೆ ಮಾಡಿ ನೋಡಿದರು.

"ಊರಿಗೆ ಬಂದವ್ಳು ನೀರಿಗೆ ಬರ್ದೇ ಇರ್ತಾಳಾ!" ಎಂದು ಮಾಸ್ತಮ್ಮ ಕೂಗಿದಳು. ಕೆಸರೆಲ್ಲ ನಕ್ಕಿತು.

"ನಂಗೆ ನೀರು ಗೊತ್ತಿಲ್ಲ ಅಂದ್ಯಲ್ಲ ಮಾಸ್ತಮ್ಮ, ಕಲಿಯೂಕೆ ಬಂದೆ" ಎಂದಳು ವನಮಾಲಾ. "ಏಳು ದಿನ ಬರ್ತೆ. ನೀರು ತಳ ಕಂಡದ್ದು ಯಾವಾಗ ಅಂತ ನೀನು ಹೇಳು, ನಾನು ಬರ್ಕೊಳ್ತೆ."

ಏಳು ದಿನವೂ ಹೋದಳು. ಕಾಂಡ್ಲಾ ಗಿಡದ ಕೊನೆಯ ಬೇರು ಬಯಲಾಗಿ, ಅದರ ಬುಡದ ಹೊಂಡದಲ್ಲಿ ನೀರು ಅಲುಗಾಡದೆ ನಿಂತಾಗ ಮಾಸ್ತಮ್ಮ "ಆತು" ಎನ್ನುವಳು. ವನಮಾಲಾ ಕೈಗಡಿಯಾರ ನೋಡಿ ಬರೆದುಕೊಳ್ಳುವಳು. ಒಂದು ದಿನ ಹಿಂದಿನ ದಿನಕ್ಕಿಂತ ನಲವತ್ತಾರು ನಿಮಿಷ ತಡ, ಒಂದು ದಿನ ಐವತ್ತೈದು, ಒಂದು ದಿನ ಐವತ್ತೊಂದು. ನಡುವಿನ ಹೊತ್ತಿನಲ್ಲಿ ಬಳಚನ್ನೂ ಆರಿಸಿದಳು. ಮೊದಲ ದಿನ ಅವಳ ಬುಟ್ಟಿ ನೋಡಿ ಮಕ್ಕಳು ಅದರಲ್ಲಿ ಅರ್ಧ ಕಲ್ಲು ಎಂದರು. ಸಂಜೆ ಮನೆಗೆ ಹೋದರೆ ನರ್ಮದಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಎಂತದೇ ಕೂಸೆ ಇದು ಅವತಾರ! ಮೊದ್ಲು ಬಾವಿಕಟ್ಟೆಗೆ ಹೋಗು. ಈ ವಾಸನೆ ತಗಂಡು ಒಳಗೆ ಬರಡ."

ದಿನವೂ ಬಾವಿಕಟ್ಟೆಯಲ್ಲಿ ನಾಲ್ಕು ಕೊಡ ನೀರು ಸುರಿದುಕೊಂಡು ಒಳಗೆ ಹೋದಳು. ನಾಲ್ಕನೆಯ ದಿನ ನರ್ಮದಕ್ಕ ತಾನಾಗೇ ಬಿಸಿನೀರು ಕಾಸಿಟ್ಟಿದ್ದಳು, ಬಾಯಿ ಮಾತ್ರ ಬಿಟ್ಟಿರಲಿಲ್ಲ.

ಆರನೆಯ ದಿನ ಮಾಸ್ತಮ್ಮ ಬಗ್ಗಿ ಆರಿಸುತ್ತಲೇ ಕೇಳಿದಳು. "ಅಲ್ಲ ಅಕ್ಕೋರೆ, ಗಣಪಿ ಹೇಳ್ತದೆ, ಶನಿ ಗ್ರಹಕ್ಕೆ ಹೋದ್ರೆ ನಂಗೆ ಒಂದೇ ವರ್ಷ ಅಂತೆ? ಹೌದಾ?"

"ನಿಂಗೆ ಎಷ್ಟಾತು?"

"ಯಾರು ಬರ್ದಿಟ್ಟಿದ್ರು? ಮೂವತ್ತು ಆಗಿರ್ಬೇಕು."

"ಹಂಗಾದ್ರೆ ಒಂದು ತುಂಬಿ ಆಗಷ್ಟೇ ಎರಡಕ್ಕೆ ಬಿತ್ತು."

ಮಾಸ್ತಮ್ಮ ಸೊಂಟಕ್ಕೆ ಕೈಕೊಟ್ಟು ನಿಂತು ಯೋಚಿಸಿದಳು. "ಹಂಗಾದ್ರೆ ನಂಗೆ ಶಾಲೆಗೆ ಸೇರೂ ವಯಸ್ಸು ಇನ್ನೂ ಆಗ್ಲಿಲ್ಲ. ನನ್ನ ಅವ್ವಿ ಸುಮ್ನೆ ಗಡಿಬಿಡಿ ಮಾಡಿ ಕೆಸರಿಗೆ ಹಾಕಿದ್ಲು." ನಗುತ್ತ ಹೇಳಿದವಳು ಹೇಳಿ ಮುಗಿಸುವಾಗ ನಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಳಚು ಆರಿಸಿ ಮತ್ತೆ ತಲೆಯೆತ್ತಿದಳು. "ಪಟ್ಟಿ ಗಿಟ್ಟಿ ಬೇಡ ಅಕ್ಕೋರೆ. ಇವತ್ತಿನ ನೀರು ನೋಡಿ ನಾಳಿನ ಹೊತ್ತು ನಾನು ಹೇಳ್ತೆ. ನೀವು ಗಡಿಯಾರಕ್ಕೆ ಹಾಕಿ ಬಾಗಿಲ ಮೇಲೆ ಬರೀರಿ. ಮಕ್ಕಳನ್ನ ಕಳ್ಸೂದು ನನ್ನ ಜವಾಬ್ದಾರಿ."

ಡಿಸೆಂಬರ್ ತಿಂಗಳಿಡೀ ಹಾಗೇ ನಡೆಯಿತು. ದಿನವೂ ಸಂಜೆ ಮಾಸ್ತಮ್ಮ ಹೇಳಿದ ವೇಳೆಯನ್ನು ವನಮಾಲಾ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಳು, ಹಾಜರಿ ಪುಸ್ತಕದಲ್ಲೂ ಅದೇ ವೇಳೆ ಬರೆದಳು. ಏಳರಿಂದ ಒಂಬತ್ತೂಕಾಲು ನಡೆದರೆ ಏಳರಿಂದ ಒಂಬತ್ತೂಕಾಲು ಎಂದೇ. ಹಾಜರಿ ನಲವತ್ತಕ್ಕೆ ಬಂದು ನಿಂತಿತು. ಗಣಪಿ ಗ್ರಹಗಳ ಸಾಲಿನ ಕೆಳಗೆ ಹಲಗೆಯ ಮೂಲೆಯಲ್ಲಿ ಇನ್ನೊಂದು ಸಾಲು ಬರೆದಿದ್ದಳು: 'ಕಾಂಡ್ಲಕುರ್ವೆ, 24 ತಾಸು 50 ನಿಮಿಷ.' ಅದನ್ನು ಯಾರೂ ಅಳಿಸಲಿಲ್ಲ.

ತಪಾಸಣೆಯ ಸಾಹೇಬರು ಹೇಳದೆ ಕೇಳದೆ ಬಂದದ್ದು ಜನವರಿಯ ಮೊದಲ ವಾರದಲ್ಲಿ, ಒಂದು ಅಷ್ಟಮಿಯ ದಿನ. ತದಡಿಯಿಂದ ಬೀರಪ್ಪನ ದೋಣಿಯಲ್ಲಿ ಹತ್ತಿ, ಹನ್ನೊಂದಕ್ಕೆ ಶಾಲೆಯ ಅಂಗಳದಲ್ಲಿ ನಿಂತರು. ಬಾಗಿಲು ಮುಚ್ಚಿತ್ತು. ಒಳಗೆ ಒಂದು ನರಪಿಳ್ಳೆಯಿಲ್ಲ. ಜಗಲಿಯ ಮೇಲೆ ವನಮಾಲಾ ಒಬ್ಬಳೇ ಶಾಲೆಯ ಹಳೆಯ ಪಾಟಿಗೆ ಮಸಿ ಬಳಿಯುತ್ತ ಕೂತಿದ್ದಳು.

"ಇವತ್ತು ರಜೆಯೇನು ಬಾಯಿಯವರೆ?"

ಅವಳು ಎದ್ದು ಕೈ ಒರೆಸಿಕೊಂಡು ನಮಸ್ಕಾರ ಮಾಡಿದಳು. "ಇಲ್ಲ ಸರ್. ಬೆಳಿಗ್ಗೆಯ ಶಾಲೆ ಆತು. ಮಧ್ಯಾಹ್ನದ್ದು ಎರಡು ಗಂಟೆಗೆ. ಬಾಗಿಲ ಮೇಲೆ ಬರ್ದಿದೆ."

ಸಾಹೇಬರು ಬಾಗಿಲನ್ನೂ ನೋಡಲಿಲ್ಲ, ಅವಳನ್ನೂ ನೋಡಲಿಲ್ಲ. ಟಿಪ್ಪಣಿ ಪುಸ್ತಕ ತೆಗೆದು ಬರೆದರು. "ಹನ್ನೊಂದು ಗಂಟೆಗೆ ಶಾಲೆ ಬಂದ್. ಹಾಜರಿ ಸೊನ್ನೆ." ಬರೆದದ್ದನ್ನು ಗಟ್ಟಿಯಾಗಿ ಓದಿದರು ಕೂಡ.

"ಸರ್, ನಾನು ಅನುಮತಿ ಕೇಳಿ ಬರ್ದಿದ್ದೆ."

"ಅನುಮತಿ ಬಂತೋ?"

"ಇಲ್ಲ."

"ಮತ್ತೆ?" ಎಂದವರೇ ಕೊಡೆ ಎತ್ತಿಕೊಂಡು ದೋಣಿಯ ಕಡೆ ನಡೆದರು. ಅವರು ಕೆಟ್ಟವರೇನಲ್ಲ. ಒಂದು ದಿನಕ್ಕೆ ಎರಡು ಶಾಲೆ ಮುಗಿಸಬೇಕಾದವರು, ಬಸ್ಸು ಹಿಡಿಯಬೇಕಾದವರು. ಅವರ ಕಣ್ಣಿಗೆ ಮುಚ್ಚಿದ ಬಾಗಿಲು ಮುಚ್ಚಿದ ಬಾಗಿಲೇ.

ಕಾಲು ತಾಸಿನಲ್ಲಿ ತಿರುಗಿ ಬಂದರು, ಮುಖ ಕೆಂಪಗೆ. ಹಿಂದೆ ಬೀರಪ್ಪ ಬರುತ್ತಿದ್ದ, ನಗು ಕಾಣದಿರಲೆಂದು ತಲೆ ತಗ್ಗಿಸಿಕೊಂಡು. ದೋಣಿ ಕೆಸರಿನ ಮೇಲೆ ಒಂದು ಮಗ್ಗುಲಿಗೆ ಮಲಗಿಬಿಟ್ಟಿತ್ತು.

"ನಾನೆಂತ ಮಾಡ್ಲಿ ಸಾಯೇಬ್ರೆ? ಹೋಗಿ ಬೇಗ ಬರ್ತೆ ಅಂತ ನೀವೇ ಅಂದ್ರಿ, ನೀರು ನಿಮ್ಗೆ ಕಾಯ್ಲಿಲ್ಲ" ಎಂದ ಬೀರಪ್ಪ. "ಇನ್ನು ದೋಣಿ ಎದ್ದೇಳೂಕೆ ಎರಡು ಗಂಟೆ ಆಗ್ಬೇಕು."

ಬೇರೆ ದಾರಿಯಿರಲಿಲ್ಲ. ಸಾಹೇಬರು ಜಗಲಿಯಲ್ಲಿ ಕೂತರು. ವನಮಾಲಾ ಎಳನೀರು ತರಿಸಿ ಕೊಟ್ಟಳು, ಹಾಜರಿ ಪುಸ್ತಕ ಮುಂದಿಟ್ಟಳು, ಮತ್ತೆ ಪಾಟಿಗೆ ಮಸಿ ಬಳಿಯಲು ಕೂತಳು. ಸಾಹೇಬರು ಮೊದಲು ಹೊತ್ತು ಕಳೆಯಲೆಂದು ಪುಟ ತಿರುವಿದರು, ಆಮೇಲೆ ಕನ್ನಡಕ ಹಾಕಿಕೊಂಡು ತಿರುವಿದರು. ಹನ್ನೆರಡರ ಬಿಸಿಲಿಗೆ ಎದ್ದು ಅಂಗಳದ ತುದಿಗೆ ಹೋಗಿ ಕೆಸರನ್ನೂ ಬೆನ್ನುಗಳನ್ನೂ ಬಹಳ ಹೊತ್ತು ನೋಡಿದರು.

ಒಂದೂ ಮುಕ್ಕಾಲಿಗೆ ಮಕ್ಕಳು ಬರತೊಡಗಿದರು. ಕೂದಲಲ್ಲಿ ನೀರು, ಉಗುರಲ್ಲಿ ಕೆಸರು, ಕೈಯಲ್ಲಿ ಪಾಟಿ. ಎರಡಕ್ಕೆ ಗಂಟೆ ಬಾರಿಸಿದಾಗ ನಲವತ್ತೊಂದು ಜನ ಸಾಲು ಹಿಡಿದು ಕೂತಿದ್ದರು. ಸಾಹೇಬರು ತಾವೇ ಎಣಿಸಿದರು, ಎರಡು ಸಲ. ಮಗ್ಗಿ ಕೇಳಿದರು, ಶುದ್ಧಬರಹ ಹೇಳಿದರು, ಕೊನೆಗೆ ಹಲಗೆಯ ಮೂಲೆಯ ಸಾಲಿನ ಮೇಲೆ ಅವರ ಕಣ್ಣು ಬಿತ್ತು.

"ಇದೇನಿದು? ನಿಮ್ಮ ಶಾಲೆ ಮಂಗಳ ಗ್ರಹದ ಮೇಲಿದೆಯೇ?"

ಗಣಪಿ ಎದ್ದು ನಿಂತಳು. "ಇಲ್ಲ ಸಾಯೇಬ್ರೆ. ಅಲ್ಲಿಗಿಂತ ನಮ್ಮ ದಿನ ಹದಿಮೂರು ನಿಮಿಷ ಹೆಚ್ಚು."

ಸಾಹೇಬರು ಮನಸ್ಸಿನಲ್ಲೇ ಕಳೆದು ನೋಡಿದರು. ಸರಿಯಾಗಿತ್ತು. ಎರಡು ಪ್ರಶ್ನೆ ಕೇಳಬೇಕೆಂದು ಬಂದವರು ನಾಲ್ಕೂವರೆಯವರೆಗೆ ಆ ಕೋಣೆ ಬಿಟ್ಟು ಹೋಗಲಿಲ್ಲ. ದೋಣಿ ಎಷ್ಟೋ ಹೊತ್ತಿನಿಂದ ತೇಲುತ್ತಿತ್ತು.

ಹೊರಡುವಾಗ ಅವಳನ್ನು ಜಗಲಿಗೆ ಕರೆದರು. ದನಿ ಮೆತ್ತಗಾಗಿತ್ತು. "ಬಾಯಿಯವರೆ, ನೀವು ಮಾಡಿದ್ದು ಒಳ್ಳೆಯ ಕೆಲಸ. ಆದರೆ ಶಾಲೆಯ ವೇಳೆ ಬದಲಿಸುವ ಅಧಿಕಾರ ನಿಮಗಿಲ್ಲ, ನನಗೂ ಇಲ್ಲ. ಒಂದು ಕೆಲಸ ಮಾಡಿ. ಹೊಸ ಪುಸ್ತಕ ಹಾಕಿ, ಹತ್ತೂವರೆಯಿಂದ ಐದು ಎಂದು ಬರೆದುಬಿಡಿ. ನಾನು ಕಣ್ಣು ಮುಚ್ಚಿ ಸಹಿ ಹಾಕುತ್ತೇನೆ. ಆಮೇಲೆ ನಿಮ್ಮ ಪಾಡಿಗೆ ನೀವು ನೀರು ನೋಡಿಕೊಂಡು ನಡೆಸಿ. ಶಾಲೆಯೂ ಉಳಿಯುತ್ತದೆ, ನೀವೂ ಉಳಿಯುತ್ತೀರಿ."

ಎಷ್ಟು ಸುಲಭ! ವನಮಾಲಾಳಿಗೆ ಆ ಕ್ಷಣ ಹೂಂ ಎನ್ನಬೇಕೆನ್ನಿಸಿದ್ದು ಸುಳ್ಳಲ್ಲ. ಎರಡು ತಿಂಗಳ ಆಯಾಸವೆಲ್ಲ ಕಾಲಿಗೆ ಇಳಿದಿತ್ತು. ಆದರೆ ಒಳಗೆ ಮಕ್ಕಳ ಗದ್ದಲ ಕೇಳುತ್ತಿತ್ತು. ಅವಳು ಯೋಚಿಸಿದಳು. ತಾನು ಇಲ್ಲಿ ಗೂಟ ಹೊಡೆದುಕೊಂಡು ಇರುವವಳಲ್ಲ. ಇವತ್ತಲ್ಲ ನಾಳೆ ಇನ್ನೊಬ್ಬರು ಬರುತ್ತಾರೆ, ಈ ಪುಸ್ತಕ ತೆರೆಯುತ್ತಾರೆ, ಹತ್ತೂವರೆ ಎಂದು ಓದುತ್ತಾರೆ, ಗಂಟೆ ಬಾರಿಸುತ್ತಾರೆ. ಒಂಬತ್ತು ಮಕ್ಕಳು ಬರುತ್ತವೆ. ಮತ್ತೆ ಯಾರೋ ಷರಾ ಬರೆಯುತ್ತಾರೆ, ಈ ಜನಕ್ಕೆ ವಿದ್ಯೆ ಬೇಕಾಗಿಲ್ಲವೆಂದು.

"ಆಗೂದಿಲ್ಲ ಸರ್" ಎಂದಳು. "ನಾನು ಇರೂ ತನಕ ಹೆಂಗೋ ನಡೀತದೆ. ನಾನು ಹೋದ ಮೇಲೆ ಬರೂ ಮಾಸ್ತರು ನನ್ನ ನೋಡೂದಿಲ್ಲ, ಪುಸ್ತಕ ನೋಡ್ತ್ರು. ಅದ್ರಲ್ಲಿ ಸುಳ್ಳಿದ್ರೆ ಶಾಲೆ ಉಳೀದಿಲ್ಲ. ನಡೆದದ್ದು ನಡೆದ ಹಾಗೇ ಇರ್ಲಿ. ಅದಕ್ಕೇ ನಿಮ್ಮ ಸಹಿ ಬೇಕು."

"ಹಾಗಾದರೆ ಅನುಮತಿಯಿಲ್ಲದೆ ವೇಳೆ ಬದಲಿಸಿದಿರೆಂದು ನಾನೂ ಬರೆಯಬೇಕಾಗುತ್ತದೆ. ನಡೆದದ್ದು ಅದೂ ಹೌದಲ್ಲ?"

"ಹೌದು. ಅದನ್ನೂ ಬರೀರಿ."

ಸಾಹೇಬರು ಅವಳ ಮುಖ ನೋಡಿದರು. ತಮ್ಮ ಇಪ್ಪತ್ತು ವರ್ಷದ ನೌಕರಿಯಲ್ಲಿ ಹೀಗೆ ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಸಿಕೊಳ್ಳುವವರನ್ನು ಅವರು ಕಂಡಿರಲಿಲ್ಲ. ಬೆಳಿಗ್ಗೆ ಬರೆದ 'ಹಾಜರಿ ಸೊನ್ನೆ'ಯ ಮೇಲೆ ಗೀಟು ಎಳೆದರು. ಪುಟ ತುಂಬ ಬರೆದು, ಓದಿ ಹೇಳಿ, ಕೆಳಗೆ ಅವಳ ಸಹಿ ಕೇಳಿದರು. ಅವಳು ಅಲ್ಲೇ ಗೋಡೆಗೆ ಪುಸ್ತಕ ಒತ್ತಿ ಹಿಡಿದು ಸಹಿ ಹಾಕಿದಳು.

ಫೆಬ್ರವರಿಯಲ್ಲಿ ಒಂದೇ ಲಕೋಟೆಯಲ್ಲಿ ಎರಡು ಹುಕುಂ ಬಂದವು. ಕಾಂಡ್ಲಕುರ್ವೆಯ ಶಾಲೆಯನ್ನು ಮುಂದುವರಿಸುವುದು. ಅದರ ವೇಳೆಯು ನೀರಿನ ಇಳಿತಕ್ಕೆ ಅನುಸಾರವಾಗಿ, ದಿನಕ್ಕೆ ಐದು ತಾಸಿಗೆ ಕಡಿಮೆಯಾಗದಂತೆ ಇರುವುದು. ಎರಡನೆಯದು, ನಿಯಮ ಮೀರಿದ ಶಿಕ್ಷಕಿಯನ್ನು ಭಟ್ಕಳ ತಾಲೂಕಿಗೆ ವರ್ಗ ಮಾಡಿದೆ, ಏಳು ದಿನದೊಳಗೆ ಹಾಜರಾಗುವುದು.

ಮೊದಲನೆಯದನ್ನು ಓದಿ ಅವಳು ಮಕ್ಕಳೆದುರೇ ಕುಣಿದಳು. ಎರಡನೆಯದನ್ನು ಓದಿ ಮಾಸ್ತಮ್ಮ ಸಿಟ್ಟಿನಿಂದ ಬುಟ್ಟಿ ಎಸೆದಳು. "ಇದು ಎಂತ ನ್ಯಾಯ? ದೀಪ ಹಚ್ದವ್ಳನ್ನ ಮನೆಯಿಂದ ಹೊರಗೆ ಹಾಕೂದಾ?"

"ದೀಪ ಉಳೀತಲ್ಲ ಮಾಸ್ತಮ್ಮ" ಎಂದಳು ವನಮಾಲಾ.

ಅವಳ ಜಾಗಕ್ಕೆ ಮಂಕಿ ಊರಿನ ಮಾದೇವ ಮಾಸ್ತರರು ಬಂದರು. ಒಗೆದು ಇಸ್ತ್ರಿ ಮಾಡಿದ ಬಿಳಿ ಪೈಜಾಮ, ಜೇಬಲ್ಲಿ ಎರಡು ಪೆನ್ನು. ಶಾಲೆಯ ಕೀಲಿಕೈಗೆ ಕೈಚಾಚಿದರು.

"ಕೀಲಿಕೈ ಕೊಡ್ತೆ" ಎಂದಳು ವನಮಾಲಾ. "ಅದಕ್ಕೆ ಮೊದ್ಲು ಪೈಜಾಮ ಮೇಲೆ ಮಡಚಿ."

ಹೊಸ ಶಾಲೆಗೆ ಹಾಜರಾಗಲು ಸರಕಾರ ಕೊಟ್ಟ ಏಳು ದಿನಗಳನ್ನು ಹೊನ್ನಾವರದಲ್ಲಿ ತಾಯಿಯ ಹತ್ತಿರ ಕಳೆಯಬಹುದಿತ್ತು. ಅವಳು ಆರು ದಿನವನ್ನು ಕೆಸರಿನಲ್ಲಿ ಕಳೆದಳು. ಮಾಸ್ತರರು ಗೊಣಗಿದರು, ಜಾರಿ ಬಿದ್ದರು, ಎರಡನೆಯ ದಿನ ಜ್ವರದ ನೆಪ ಹೇಳಿದರು. ಮಾಸ್ತಮ್ಮ ಅವರ ಬಿಡಾರಕ್ಕೇ ಹೋಗಿ ಎಬ್ಬಿಸಿಕೊಂಡು ಬಂದಳು. ಐದನೆಯ ದಿನ ಅವರು ಬೇರಿನ ಬುಡದ ಹೊಂಡ ನೋಡಿ ಮಾಸ್ತಮ್ಮನಿಗಿಂತ ಮೊದಲೇ "ಆತು" ಎಂದರು. ವನಮಾಲಾ ಕೈಗಡಿಯಾರ ನೋಡಿದಳು. ಆರನೆಯ ಸಂಜೆ ಕೀಲಿಕೈ ಕೊಟ್ಟಳು.

ಏಳನೆಯ ದಿನ ಮಧ್ಯಾಹ್ನ ಒಂದು ಗಂಟೆಗೆ ಇಳಿತವಿತ್ತು. ನೀರಿರುವಾಗಲೇ ಹೊರಡಬೇಕೆಂದು ಬೀರಪ್ಪ ಹತ್ತಕ್ಕೆ ದೋಣಿ ಬಿಟ್ಟ. ನರ್ಮದಕ್ಕ ದಡದವರೆಗೂ ಬಂದು ಕಾಯಿಹೋಳಿಗೆಯ ಗಂಟು ಕೊಟ್ಟಳು. ಬೆಳಗಿನ ಶಾಲೆ ಮುಗಿಸಿದ ಮಕ್ಕಳು ನೀರಂಚಿನ ಉದ್ದಕ್ಕೂ ದೋಣಿಯ ಜೊತೆ ಓಡಿದವು. ಗಣಪಿ ಓಡಲಿಲ್ಲ, ತಾಯಿಯ ಸೆರಗು ಹಿಡಿದು ನಿಂತಿದ್ದಳು. ಅದನ್ನು ನೋಡಿ ವನಮಾಲಾ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು, ಮುಚ್ಚಿಡಲು ಹೋಗಲಿಲ್ಲ.

ದೋಣಿ ನಡುಹೊಳೆಗೆ ಬಂದಾಗ ಹತ್ತೂ ಇಪ್ಪತ್ತೈದು. ಅವಳು ಅಳು ನಿಲ್ಲಿಸಿ ಹಿಂದಿರುಗಿ ನೋಡಿದಳು. ಶಾಲೆಯ ಜಗಲಿಯಲ್ಲಿ ಮಾದೇವ ಮಾಸ್ತರರ ಬಿಳಿ ಪೈಜಾಮ ಕಾಣುತ್ತಿತ್ತು. ಅವರು ಗಂಟೆ ತೂಗುಹಾಕಿದ ತೊಲೆಯ ಕೆಳಗೇ ನಿಂತಿದ್ದರು. ಎಷ್ಟು ವರ್ಷದ ರೂಢಿಯೋ ಏನೋ. ಯಾರೂ ನೋಡುವವರಿಲ್ಲ, ಕೇಳುವವರಿಲ್ಲ, ಕೀಲಿಕೈ ಅವರ ಜೇಬಿನಲ್ಲಿದೆ.

"ಬೀರಪ್ಪಣ್ಣ, ಸ್ವಲ್ಪ ಹುಟ್ಟು ನಿಲ್ಸು" ಎಂದಳು.

ಬೀರಪ್ಪ ನಿಲ್ಲಿಸಿದ. ದೋಣಿಗೆ ನೀರು ಬಡಿಯುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಹತ್ತೂವರೆಯಾಯಿತು. ಹತ್ತೂ ಮೂವತ್ತೊಂದಾಯಿತು. ಹತ್ತೂ ಮೂವತ್ತೈದಾಯಿತು. ಮಾಸ್ತರರು ಜಗಲಿಯಿಂದ ಇಳಿದು, ಪೈಜಾಮ ಮೇಲೆ ಮಡಚುತ್ತ, ನೀರಿನ ಕಡೆ ನಡೆದುಹೋದರು. ಗಂಟೆ ಬಾರಿಸಲಿಲ್ಲ.

"ಈಗ ಹೋಗ್ವ" ಎಂದಳು ವನಮಾಲಾ.